ಅಡಿಗೆ ಪುಸ್ತಕಗಳ ಬೀರುವೂ ಒಂದು ಹುರುಳಿ ಬಸ್ಸಾರೂ

ಅಡಿಗೆ ಪುಸ್ತಕಗಳನ್ನು ಕೂಡಿಡುವ ಹವ್ಯಾಸವಿರುವವರು ನಗೆಪಾಟಲಾಗುವ ಸಂದರ್ಭಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವು ತಾವಾಗಿಯೇ ಅಂಗಡಿಗೆ, ಬಸ್ಸಿನ ಸೀಟಿಗೆ, ಕೊನೆಗೆ ಒಲೆಯ ಮುಂದಕ್ಕೂ ಬಂದು ನಿಲ್ಲುತ್ತವೆ.

ನಾನು ಮಧುಗಿರಿಯವಳು. ಭೂಮಾಪನ ಕಚೇರಿಯಲ್ಲಿ ಹೊಲಗಳ ನಕ್ಷೆಗಳನ್ನು ತಾಳೆ ನೋಡುವುದು ನನ್ನ ಉದ್ಯೋಗ; ಮನೆಗೆ ಬಂದು ಅಡಿಗೆ ಪುಸ್ತಕ ಓದುವುದು ನನ್ನ ಸುಖ. ಬೇರೆಯವರು ಕಾದಂಬರಿ ಓದುವ ಹಾಗೆ ನಾನು ‘ಬೇಕಾಗುವ ಸಾಮಗ್ರಿಗಳು’ ಎಂಬಲ್ಲಿಂದ ಹಿಡಿದು ‘ಬಿಸಿಯಿರುವಾಗಲೇ ಬಡಿಸಿ’ ಎಂಬಲ್ಲಿಯವರೆಗೆ ಒಂದಕ್ಷರ ಬಿಡದೆ ಓದುತ್ತೇನೆ. ಇಂಥ ಪುಸ್ತಕಗಳಲ್ಲಿ ಎಲ್ಲ ಕಥೆಗಳೂ ಸುಖಾಂತವೇ ಆಗಿರುತ್ತವೆ.

ಆದರೆ ಬೀರು ತುಂಬಿದ್ದ ಆ ಪುಸ್ತಕಗಳಲ್ಲಿ ಒಂದರಲ್ಲಿಯೂ ನನಗೆ ಬೇಕಾದದ್ದು ಇರಲಿಲ್ಲ. ಅದು ನಮ್ಮ ಅತ್ತೆಯವರು ಮಾಡುವ ಹುರುಳಿ ಬಸ್ಸಾರು. ಕಾಳು ಬೇಯಿಸಿ, ಅದರ ಕಟ್ಟನ್ನು ಬಸಿದುಕೊಂಡು, ಖಾರ ಅರೆದು ಕುದಿಸುವ ಸಾರು. ಅತ್ತೆ ಬರಗೂರಿನ ಕಡೆಯವರು. ಓದು ಬಾರದವರು, ಅಳತೆಯೆಂಬ ಮಾತನ್ನೇ ಒಪ್ಪದವರು. ‘ಎಷ್ಟು ಹಾಕಬೇಕು ಅತ್ತೆ?’ ಎಂದರೆ ‘ಬೇಕಾದಷ್ಟು’ ಎನ್ನುವರು. ಆ ಸಾರು ಅವರ ಕೈಯಲ್ಲಿ ಮಾತ್ರ ಇತ್ತು, ಆ ಕೈಗೆ ವಯಸ್ಸಾಗುತ್ತಿತ್ತು. ಅದು ಅವರೊಂದಿಗೇ ಮುಗಿದುಹೋಗದಂತೆ ಹೇಗಾದರೂ ಕಾಗದಕ್ಕೆ ಇಳಿಸಬೇಕೆಂಬುದೇ ಹಲವು ವರ್ಷಗಳ ಕಾಲ ನನ್ನ ಹಟವಾಗಿತ್ತು. ಇಲ್ಲಿ ಬರೆದಿರುವುದೆಲ್ಲ ಆ ಹಟದ ದಾರಿಯಲ್ಲಿ ನಡೆದದ್ದು.

ಅರಿಶಿನದ ಕಲೆ

ಶಿರಾದಲ್ಲಿ ಹಳೆಯ ಕಾಗದ ಕೊಳ್ಳುವ ಸಾಹೇಬರೊಬ್ಬರಿದ್ದಾರೆ. ರದ್ದಿಯಲ್ಲಿ ಅಡಿಗೆ ಪುಸ್ತಕ ಸಿಕ್ಕರೆ ನನಗೆಂದು ಎತ್ತಿಡುವ ಪುಣ್ಯಾತ್ಮರು. ಒಮ್ಮೆ ನಾನು ಅವರು ತೋರಿಸಿದ ಹೊಸದರಂತಿದ್ದ ಪುಸ್ತಕಗಳನ್ನು ಬಿಟ್ಟು, ಕೊಳಕಾಗಿದ್ದ ಒಂದನ್ನು ಆರಿಸಿಕೊಂಡದ್ದು ಕಂಡು ಅವರಿಗೆ ಆಶ್ಚರ್ಯವಾಯಿತು.

“ಯಾಕೆ ಮೇಡಂ, ಒಳ್ಳೇದು ಬಿಟ್ಟು ಖರಾಬ್ ಆಗಿರೋದು ತಗೊಂಡ್ರಿ?”

“ಸಾಹೇಬ್ರೇ, ಪುಟ ಶುಭ್ರವಾಗಿದ್ದರೆ ಅದನ್ನು ನೋಡಿಕೊಂಡು ಯಾರೂ ಅಡಿಗೆ ಮಾಡಿಲ್ಲ ಎಂದರ್ಥ. ಅರಿಶಿನದ ಕಲೆ ಇದ್ದರೆ ಯಾರೋ ಮಾಡಿ, ಉಂಡು, ಮತ್ತೆ ಮಾಡಿದ್ದಾರೆ. ಅಂಥ ಪುಟವನ್ನು ನಂಬಬಹುದು. ನಮ್ಮತ್ತೆಯ ಬಸ್ಸಾರಿನಂಥದು ಅಂಥ ಪುಟದಲ್ಲೇ ಸಿಗಬೇಕು.”

“ವಾಹ್! ಅಸಲಿ ಮಾತು ಹೇಳಿದ್ರಿ,” ಎಂದು ತಲೆದೂಗಿದರು.

ಮುಂದಿನ ಸಲ ಹೋದಾಗ ಒಂದು ಕಟ್ಟನ್ನೇ ಸಿದ್ಧವಾಗಿಟ್ಟಿದ್ದರು. ಬಿಚ್ಚಿದರೆ ಮೊದಲ ಪುಸ್ತಕದ ಪ್ರತಿ ಪುಟದಲ್ಲಿಯೂ ಅರಿಶಿನದ ಕಲೆ. ಎರಡನೆಯದರಲ್ಲಿಯೂ ಹಾಗೆಯೇ. ಎಲ್ಲವೂ ಬಲಮೂಲೆಯಲ್ಲಿ, ಎಲ್ಲವೂ ಒಂದೇ ಹೆಬ್ಬೆರಳಿನ ಗಾತ್ರ. ಮೂರನೆಯದು ಟ್ರ್ಯಾಕ್ಟರ್ ರಿಪೇರಿಯ ಪುಸ್ತಕ. ಅದರ ಗೇರ್ ಬಾಕ್ಸಿನ ಚಿತ್ರಕ್ಕೂ ಅರಿಶಿನ ತಗುಲಿತ್ತು.

“ಇದೇನು ಸಾಹೇಬ್ರೇ?”

ಅವರು ಕಿಂಚಿತ್ತೂ ಅಳುಕಲಿಲ್ಲ. “ನಮ್ಮ ಮನೆಯೋರು ಹಾಕಿದ್ದು ಮೇಡಂ. ನೀವು ಬರ್ತೀರ ಅಂತ ನಿನ್ನೆಯೆಲ್ಲಾ ಕೂತ್ಕೊಂಡು ಹಾಕಿದ್ಳು ಪಾಪ.”

ನನಗಾಗಿ ಒಂದು ಹಗಲನ್ನು ಅರಿಶಿನದಲ್ಲಿ ಕಳೆದ ಆ ತಾಯಿಯನ್ನು ನಾನು ಇಂದಿಗೂ ನೋಡಿಲ್ಲ. ಋಣ ಉಳಿಸಿಕೊಳ್ಳಬಾರದೆಂದು ಟ್ರ್ಯಾಕ್ಟರಿನದನ್ನೂ ಸೇರಿಸಿ ಇಡೀ ಕಟ್ಟನ್ನು ಕೊಂಡೆ. ಹೊರಡುವಾಗ ಸಾಹೇಬರು ಬಾಗಿಲವರೆಗೆ ಬಂದು ಹೇಳಿದರು: “ಕಲೆ ಕಮ್ಮಿ ಆಯ್ತು ಅಂದ್ರೆ ಹೇಳಿ ಮೇಡಂ, ಸಂಕೋಚ ಬೇಡ. ಮುಂದಿನ್ ಸಲ ಎಣ್ಣೆನೂ ಹಾಕಿಸ್ತೀನಿ.”

ಪಾವಗಡದ ಬಸ್ಸು

ಕಚೇರಿಯ ಕೆಲಸದ ಮೇಲೆ ಕೆಲವು ತಿಂಗಳು ನಾನು ವಾರಕ್ಕೊಮ್ಮೆ ಪಾವಗಡಕ್ಕೆ ಹೋಗಿಬರಬೇಕಾಗಿತ್ತು. ಒಂದು ದಿನ ಬಸ್ಸಿನಲ್ಲಿ ಸಾರುಗಳ ಪುಸ್ತಕವೊಂದನ್ನು ಓದುತ್ತಿದ್ದೆ. ಪಕ್ಕದಲ್ಲಿ ಕುಳಿತಿದ್ದ ಹಿರಿಯ ಹೆಂಗಸು ಬಹಳ ಹೊತ್ತು ನೋಡಿ ಕೇಳಿದರು:

“ಏನಮ್ಮಾ, ಪರೀಕ್ಷೆನಾ?”

“ಅಲ್ಲ ಅಮ್ಮ, ಅಡಿಗೆ ಪುಸ್ತಕ. ಹುರುಳಿ ಬಸ್ಸಾರು ಇದೆಯೇನೋ ಎಂದು ಹುಡುಕುತ್ತಿದ್ದೇನೆ.”

“ಅಯ್ಯೋ ದೇವುಡಾ! ಹುರುಳಿ ಸಾರಿಗೆ ಪುಸ್ತಕನಾ? ನಮ್ಮ ಕಡೆ ಉಲವಲು ಅಂತೀವಿ ಹುರುಳೀಗೆ. ಎಂಟು ವರ್ಷದ ಪಿಲ್ಲ ಕೂಡ ಮಾಡ್ತದೆ. ಬರ್ಕೋ, ಹೇಳ್ತೀನಿ. ಮೊದ್ಲು ಹುಣಿಸೆಹಣ್ಣು...”

“ಹುಣಿಸೆಹಣ್ಣು ಮೊದ್ಲಾ?” ಎಂದರು ಹಿಂದಿನ ಸೀಟಿನವರು. “ಮೊದ್ಲು ಹಾಕಿದ್ರೆ ಕಟ್ಟು ಒಡ್ದೋಗ್ತದೆ, ಕೊನೇಗೆ ಹಾಕ್ಬೇಕು.”

“ನಿಮ್ಮೂರಾಗೆ ಒಡೀತದೇನೋ! ನಮ್ಮೂರಾಗೆ ಒಡ್ಯಲ್ಲ!”

ಅರ್ಧ ಬಸ್ಸು ಹುಣಿಸೆಹಣ್ಣು ಮೊದಲೆಂದೂ ಉಳಿದರ್ಧ ಕೊನೆಗೆಂದೂ ಪಂಗಡವಾಯಿತು. ಕಂಡಕ್ಟರು ಟಿಕೆಟ್ ಹರಿಯುವುದನ್ನು ನಿಲ್ಲಿಸಿ, ತಮ್ಮ ಮನೆಯಲ್ಲಿ ಹುಣಿಸೆಹಣ್ಣನ್ನೇ ಹಾಕುವುದಿಲ್ಲವೆಂದು ಹೇಳಿ ಎರಡೂ ಪಂಗಡಗಳಿಂದ ಬೈಸಿಕೊಂಡರು. ನಾನು ಪುಸ್ತಕದ ಅಂಚಿನಲ್ಲಿ ಒಂದೂ ಬಿಡದೆ ಗುರುತು ಹಾಕಿಕೊಳ್ಳುತ್ತಿದ್ದೆ. ದುಡ್ಡು ಕೊಟ್ಟು ಕೊಂಡ ಯಾವ ಪುಸ್ತಕವೂ ಒಂದೇ ಪುಟದಲ್ಲಿ ನನಗೆ ಅಷ್ಟು ಕಲಿಸಿಲ್ಲ.

ಇದ್ದಕ್ಕಿದ್ದಂತೆ ನನ್ನ ಪಕ್ಕದ ಹೆಂಗಸು ಕಿಟಕಿಯಾಚೆ ನೋಡಿ ಎದೆ ಬಡಿದುಕೊಂಡರು. ಅವರು ಇಳಿಯಬೇಕಾಗಿದ್ದ ಊರಿನ ಗೇಟು ಹಿಂದೆ ಬಿದ್ದು ಎಷ್ಟೋ ಹೊತ್ತಾಗಿತ್ತು. ನಾನು ಕ್ಷಮೆ ಕೇಳಿದೆ. ಅವರು ಗಂಟನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ನನ್ನ ಪುಸ್ತಕದತ್ತ ಬೆರಳು ತೋರಿಸಿದರು:

“ಅದೆಲ್ಲಾ ಇರ್ಲಿ. ಬಸ್ಸು ಹಿಂದಕ್ಕೆ ತಿರುಗಿಸೋದು ಹೆಂಗೆ ಅಂತ ಅದ್ರಾಗೆ ಬರ್ದವ್ರಾ ನೋಡು!”

ಪಾಳೇಗಾರ ಇಳಿದ ಬಾಗಿಲು

ಅತ್ತೆಯ ಬಸ್ಸಾರಿಗೆ ಒಂದು ಐತಿಹ್ಯವಿದೆ. ಬಹಳ ಹಿಂದೆ ಪಾಳೇಗಾರನೊಬ್ಬ ಕುದುರೆಯೇರಿ ಮಧುಗಿರಿಯ ಕೋಟೆಗೆ ಹೋಗುತ್ತಿದ್ದನಂತೆ. ಅವರ ಪೂರ್ವಿಕರ ಮನೆಯ ಬಾಗಿಲಲ್ಲಿ ಈ ಸಾರಿನ ಘಮ ಬಂದು, ಅವನು ಕುದುರೆಯಿಂದಿಳಿದು ಉಂಡು ಹೋದನಂತೆ. ಅದೇ ಸಾರು, ಅದೇ ಕೈಗುಣ, ಅಂದಿನಿಂದ ಇಂದಿನವರೆಗೆ ಒಂದಿಷ್ಟೂ ಬದಲಾಗಿಲ್ಲವಂತೆ.

ನಕ್ಷೆ ತಾಳೆ ನೋಡುವವರಿಗೆ ಇಂಥ ‘ಅಂತೆ’ಗಳು ಗಂಟಲಲ್ಲಿ ಇಳಿಯುವುದು ಕಷ್ಟ. ಒಂದು ದಿನ, ಅತ್ತೆ ಖಾರಕ್ಕೆ ಟೊಮೆಟೊ ಹುರಿಯುತ್ತಿದ್ದಾಗ ಮೆಲ್ಲಗೆ ಹೇಳಿದೆ:

“ಅತ್ತೆ, ಪಾಳೇಗಾರರ ಕಾಲದಲ್ಲಿ ನಮ್ಮ ಕಡೆ ಟೊಮೆಟೊ ಬೆಳೆಯುತ್ತಿರಲಿಲ್ಲ. ಅದು ಬಹಳ ಈಚೆಗೆ ಹೊರದೇಶದಿಂದ ಬಂದದ್ದು.”

ಅತ್ತೆ ಸೌಟು ನಿಲ್ಲಿಸಲಿಲ್ಲ. “ಅದುಕ್ಕೇ ಕಣಮ್ಮ ಅವ್ನು ಕುದ್ರೆ ಇಳಿದಿದ್ದು. ಎಲ್ಲೂ ಇಲ್ದೇ ಇರೋ ರುಚಿ ನಮ್ಮನೇಲಿತ್ತು.”

ಆದರೂ ನಾನು ಬಿಡದೆ ಇನ್ನೊಂದು ಸಂದೇಹವನ್ನು ಮುಂದಿಟ್ಟೆ. ಬೆಂದ ಹುರುಳಿ ಕುದುರೆಗಳಿಗೆ ಬಲು ಇಷ್ಟವಾದ ಮೇವು. ಆದ್ದರಿಂದ ಆ ಬಾಗಿಲಲ್ಲಿ ಮೊದಲು ನಿಂತದ್ದು ಕುದುರೆಯೇ ಇರಬೇಕು. ಅದು ಮುಂದಕ್ಕೆ ಹೆಜ್ಜೆ ಇಡದಿದ್ದುದರಿಂದ ಪಾಳೇಗಾರನಿಗೆ ಇಳಿಯದೆ ಬೇರೆ ದಾರಿ ಇದ್ದಿರಲಾರದು.

ಅತ್ತೆಯ ಮುಖದಲ್ಲಿ ಐತಿಹ್ಯ ಕುಸಿದ ದುಃಖವೇನೂ ಕಾಣಲಿಲ್ಲ.

“ಇದ್ರೂ ಇರ್ಬೋದು ಬುಡು. ಕುದ್ರೆಗೂ ಗೊತ್ತಾಯ್ತು ನಮ್ ಸಾರಿನ್ ಬೆಲೆ. ನಿನ್ ಬೀರುನಾಗಿರೋ ಪುಸ್ತಕಕ್ಕೆ ಮಾತ್ರ ಗೊತ್ತಾಗ್ಲಿಲ್ಲ.”

ತಕ್ಕಡಿ

ಕೇಳಿ ತಿಳಿಯಲಾಗದ್ದನ್ನು ಅಳೆದು ತಿಳಿಯಬೇಕು. ನಾನು ಅಡಿಗೆ ಮನೆಯ ಪುಟ್ಟ ಎಲೆಕ್ಟ್ರಾನಿಕ್ ತಕ್ಕಡಿಯೊಂದನ್ನು ತಂದು, ಅದರ ಮೇಲೆ ಸ್ಟೀಲಿನ ಬಟ್ಟಲಿಟ್ಟುಕೊಂಡು ಅತ್ತೆಯ ಪಕ್ಕದಲ್ಲಿ ನಿಂತೆ. ಅವರು ಏನನ್ನೇ ಎತ್ತಿಕೊಂಡರೂ ಅದು ಮೊದಲು ನನ್ನ ಬಟ್ಟಲಿಗೆ ಬೀಳಬೇಕು, ತೂಕವನ್ನು ನೋಟ್‌ಬುಕ್ಕಿನಲ್ಲಿ ಬರೆದ ಮೇಲೆ ಪಾತ್ರೆಗೆ ಹೋಗಬೇಕು ಎಂಬುದು ನನ್ನ ಏರ್ಪಾಡು.

“ಇದೇನಮ್ಮ, ನನ್ ಕೈಗೂ ಸಾರಿಗೂ ಮಧ್ಯೆ ಬಂದು ನಿಂತ್ಕಂಡೆ?”

ವಿವರಿಸಿದೆ. ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. “ಹೊಲ ಅಳ್ಯೋಳ್ನ ಸೊಸೆ ಮಾಡ್ಕಂಡ್ರೆ ಇಂಗೇ ಆಗೋದು. ನಾಳೆ ಮುದ್ದೆಗೂ ನಾಲ್ಕು ಮೂಲೆಗೆ ಬಾಂದುಕಲ್ಲು ನೆಡ್ತೀಯ.”

ಅಂದಿನ ಸಾರು ಉಪ್ಪಾಯಿತು. ನಲವತ್ತು ವರ್ಷಗಳಲ್ಲಿ ಮೊದಲ ಸಲವಂತೆ. ಅತ್ತೆಯ ತೀರ್ಮಾನ ಸ್ಪಷ್ಟವಾಗಿತ್ತು: “ನಿನ್ ತಕ್ಕಡಿ ಕಣ್ಣು ಬಿತ್ತು ಕಣಮ್ಮ.” ಒಡನೆಯೇ ಹಿಡಿ ಉಪ್ಪು, ಮೂರು ಒಣಮೆಣಸಿನಕಾಯಿ ತೆಗೆದುಕೊಂಡು ಪಾತ್ರೆಗೆ ದೃಷ್ಟಿ ನಿವಾಳಿಸಲು ನಿಂತರು. ದೃಷ್ಟಿಯಲ್ಲಿ ನನಗೆ ನಂಬಿಕೆಯಿಲ್ಲ. ಆದರೆ ಅತ್ತೆಯ ‘ಒಂದು ಹಿಡಿ’ ಎಷ್ಟೆಂದು ತಿಳಿಯಲು ಅದಕ್ಕಿಂತ ಒಳ್ಳೆಯ ಅವಕಾಶ ಸಿಗಲಾರದೆಂದು ಬಟ್ಟಲನ್ನು ಒಡ್ಡಿ ಅದನ್ನೂ ತೂಗಿ ಬರೆದುಕೊಂಡೆ.

ಅತ್ತೆ ನನ್ನ ನೋಟ್‌ಬುಕ್ಕನ್ನೇ ದಿಟ್ಟಿಸಿದರು. “ಅದ್ನೂ ಸಾರಿಗೆ ಹಾಕೋದು ಅಂತ ಬರ್ಕಂಡ್ಬುಟ್ಟೀಯ, ಜ್ವಾಕೆ!”

ಓದಿ ಹೇಳಿದ ಅಡಿಗೆ

ಕ್ರಮೇಣ ಅವರಿಗೆ ತಕ್ಕಡಿ ಒಗ್ಗಿತು. ಹತ್ತಾರು ಸಲ ತೂಗಿ ನೋಡಿದೆ. ಉಪ್ಪಾಗಲಿ ಕೊತ್ತಂಬರಿ ಬೀಜವಾಗಲಿ ಚಿಟಿಕೆಯಷ್ಟೂ ಆಚೀಚೆ ಆಗುತ್ತಿರಲಿಲ್ಲ. ನೋಟ್‌ಬುಕ್ಕಿನ ಪುಟ ಪೂರ್ತಿಯಾಯಿತು. ಅದು ಪೂರ್ತಿಯಾದದ್ದು ನಮ್ಮ ಭಾಗ್ಯ. ಕೆಲವೇ ದಿನಗಳಲ್ಲಿ ಅತ್ತೆಗೆ ಜ್ವರ ಬಂತು. ಜ್ವರ ಹೋಯಿತು, ಹೋಗುವಾಗ ನಾಲಿಗೆಯ ರುಚಿಯನ್ನೂ ಮೂಗಿನ ವಾಸನೆಯನ್ನೂ ಕೊಂಡೊಯ್ದಿತು. ಮರಳಿ ಬರಬಹುದು, ಬಾರದೆಯೂ ಇರಬಹುದು ಎಂದರು ವೈದ್ಯರು. ಉಪ್ಪು ಹಾಕಿದ ಸಾರಿಗೆ ಎರಡು ಸಲ ಮತ್ತೆ ಉಪ್ಪು ಹಾಕಿದ ಮೇಲೆ ಅತ್ತೆ ಒಲೆಯ ಮುಂದೆ ನಿಲ್ಲುವುದನ್ನೇ ಬಿಟ್ಟರು.

ಅಷ್ಟರಲ್ಲಿ ಕೊರಟಗೆರೆಯಿಂದ ನನ್ನ ನಾದಿನಿಯ ಫೋನು ಬಂತು: ಭಾನುವಾರ ಬರುತ್ತೇನೆ, ಅವ್ವನ ಕೈಯ ಬಸ್ಸಾರು ಬೇಕು.

“ಅವ್ಳಿಗೆ ಹೇಳ್ಬೇಡ ಕಣಮ್ಮ,” ಎಂದರು ಅತ್ತೆ. “ಗೊತ್ತಾದ್ರೆ ಸಾರು ಬುಟ್ಟು ಅಳ್ತಾ ಕೂತ್ಕಂತಾಳೆ. ಆದ್ರೆ ನಾನು ಹೆಂಗ್ ಮಾಡ್ಲಿ? ನಾಲಿಗೆ ಕಲ್ಲಾಗೈತೆ.”

“ಬರೆದಿರುವುದು ಇದೆ ಅತ್ತೆ. ನಾನು ಓದುತ್ತೇನೆ, ನೀವು ಮಾಡಿ.”

ಭಾನುವಾರ ಬೆಳಿಗ್ಗೆ, ಗ್ರಾಮುಗಳ ತೂಕವನ್ನು ಅತ್ತೆಗೆ ತಿಳಿಯುವಂತೆ ಚಮಚ, ಹೋಳುಗಳ ಲೆಕ್ಕಕ್ಕೆ ತಂದು ಓದತೊಡಗಿದೆ. ಹುರುಳಿಕಾಳಿಗೆ ‘ಹೂಂ’ ಎಂದರು. ಒಣಮೆಣಸಿನಕಾಯಿ ಹದಿನಾಲ್ಕು ಎಂದಾಗ ಸೌಟು ನಿಂತಿತು.

“ಹದಿನಾಲ್ಕಾ? ಯಾವೂರೋಳು ಇವ್ಳು, ಜನನ್ನ ಸಾಯ್ಸಾಕೆ ಅವ್ಳಾ?”

“ಕೊತ್ತಂಬರಿ ಬೀಜ ನಾಲ್ಕು ಚಮಚ.”

“ಓಹೋ, ಅಪ್ಪನ್ ಮನೆಯಿಂದ ತಂದಿದ್ಲೇನೋ!”

“ಕಾಯಿ ಅರ್ಧ ಹೋಳು.”

“ಜಿಪುಣಿ. ಅಲ್ಲಾ ಕಣಮ್ಮ, ಇದ್ನ ಬರ್ದೋಳು ಅಡಿಗೆ ಮನೆ ಕಂಡವ್ಳಾ ಇಲ್ವಾ?”

“ಕಂಡಿದ್ದಾರೆ ಅತ್ತೆ. ಇದೆಲ್ಲ ನಿಮ್ಮದೇ. ನಿಮ್ಮ ಕೈಯಿಂದ ಬಿದ್ದದ್ದನ್ನು ತೂಗಿ ಬರೆದದ್ದು.”

ಅತ್ತೆ ಒಲೆಯತ್ತ ತಿರುಗಿದರು. “ಅಂಗಾರೆ ಸರಿಯಾಗೇ ಇರ್ತದೆ. ಮುಂದುಕ್ಕೆ ಓದು.”

ಕೊನೆಯ ಕುದಿ ಬರುವಷ್ಟರಲ್ಲಿ ಹೇಳಿದ್ದಕ್ಕಿಂತ ಮೊದಲೇ ನಾದಿನಿ ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದಾಯಿತು. ಅತ್ತೆ ನನ್ನ ಕೈಯಿಂದ ನೋಟ್‌ಬುಕ್ ಕಿತ್ತುಕೊಂಡು, ಮಣೆಯ ಮೇಲಿಟ್ಟು, ಅದರ ಮೇಲೆ ಕುಳಿತೇಬಿಟ್ಟರು. ಆ ದಿನ ಮಗಳು ಹೊರಡುವವರೆಗೂ ಅವರು ಅಲ್ಲಿಂದೇಳಲಿಲ್ಲ. ‘ಬಾರವ್ವ, ಹೊರಗೆ ಕೂತ್ಕೊ’ ಎಂದರೆ ‘ಮಂಡಿ ನೋವು’, ‘ಜೊತೇಗೆ ಉಣ್ಣು’ ಎಂದರೆ ‘ಇಲ್ಲಿಗೇ ಹಾಕು’.

ನಾದಿನಿ ಎರಡು ಮುದ್ದೆ ಉಂಡು, ಬೆರಳು ನೆಕ್ಕಿ, ಕಣ್ಣು ಮುಚ್ಚಿದಳು. “ಅವ್ವ, ನಿನ್ ಕೈ ಒಂಚೂರೂ ಬದ್ಲಾಗಿಲ್ಲ.” ಬಳಿಕ ನನ್ನತ್ತ ತಿರುಗಿದಳು. “ಅತ್ತಿಗೆ, ಬೀರು ತುಂಬ ಪುಸ್ತಕ ಇಟ್ಕೊಂಡಿದ್ದೀರಲ್ಲ, ಇಂಥದ್ದು ಒಂದಾದ್ರೂ ಬರುತ್ತಾ ನಿಮ್ಗೆ?”

“ಇಲ್ಲ,” ಎಂದೆ. ಜೀವನದಲ್ಲಿ ಅಷ್ಟು ಸಂತೋಷದಿಂದ ನಾನು ಯಾವ ಸೋಲನ್ನೂ ಒಪ್ಪಿಕೊಂಡಿಲ್ಲ. ಅತ್ತೆ ಕುಳಿತಲ್ಲಿಯೇ ಗಂಭೀರವಾಗಿ ನುಡಿದರು: “ಪುಸ್ತಕ ನೋಡ್ಕಂಡು ಯಾರಿಗೆ ಬತ್ತದೆ ಬುಡಮ್ಮ.”

ಸಂಜೆ ನಾದಿನಿಯನ್ನು ಬಸ್ಸು ಹತ್ತಿಸಿ ಬಂದಾಗ ಅತ್ತೆ ಎದ್ದು ನಿಂತಿದ್ದರು. ಬೆಚ್ಚಗಾಗಿದ್ದ ನೋಟ್‌ಬುಕ್ಕನ್ನು ಸೆರಗಿನಿಂದ ಒರೆಸಿ ನನ್ನ ಕೈಗಿಟ್ಟರು.

“ಗೆದ್ದೆವು ಅತ್ತೆ,” ಎಂದೆ.

“ಎಲ್ಲಿ ಗೆದ್ದೆ? ಎರಡೇ ಮುದ್ದೆ ಉಂಡ್ಲು. ಯಾವತ್ತೂ ಮೂರು ಉಣ್ಣೋಳು. ನೀನು ಬೆಳ್ಳುಳ್ಳಿ ಕಮ್ಮಿ ಬರ್ದಿದ್ದೀಯ, ತಿದ್ದು.”

ತಿದ್ದಿದೆ.