ಲಾಳಿಯ ನಾಲ್ಕನೇ ಹೆಜ್ಜೆ

ಕಾಶಪ್ಪ ಕೈಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತನೆಂದರೆ ಅರ್ಧ ಮನುಷ್ಯ ಬನಹಟ್ಟಿಯಲ್ಲಿ, ಉಳಿದರ್ಧ ಹಿಪ್ಪರಗಿಯ ಹೊಳೆದಂಡೆಯಲ್ಲಿ. ಕೈ ಲಾಳಿ ಎಸೆಯುತ್ತಿದ್ದರೂ ಕಣ್ಣ ಮುಂದೆ ಕೃಷ್ಣೆಯ ತೆರೆಗಳು ಒಂದರ ಹಿಂದೊಂದು ಬರುತ್ತಿದ್ದವು. ಅಂಥವನಿಗೆ ಪಕ್ಕದಲ್ಲೇ ಮಲಗುವ ನಾಯಿ ಕುಂಟುವುದು ಕಾಣಲಿಲ್ಲವೆಂದರೆ ಆಶ್ಚರ್ಯವೇನಿಲ್ಲ. ಸದಾ ಅತ್ತಿಂದಿತ್ತ ಓಡುತ್ತದೆಂದು ಆ ನಾಯಿಗೂ ಅವನು ಲಾಳಿ ಎಂದೇ ಹೆಸರಿಟ್ಟಿದ್ದ.

ಕಂಡವಳು ಎದುರುಮನೆಯ ತಾರವ್ವ. "ಕಾಶಪ್ಪಣ್ಣ, ನಿನ್ನ ನಾಯಿ ಮೂರು ಹೆಜ್ಜಿ ಛಲೋ ಇಡತೈತಿ, ನಾಕನೇದಕ್ಕ ಕುಂಟತೈತಿ ನೋಡು."

ಅವತ್ತೇ ಇದಾಗಬೇಕೇ? ಎಂಟು ದಿನದಿಂದ ನೇಯುತ್ತಿದ್ದ ಸೀರೆಯಲ್ಲಿ ಇನ್ನೊಂದು ಮೊಳ ಬಾಕಿ, ಸಂಜೆ ವ್ಯಾಪಾರಿ ಪರಮಾನಂದ ನೋಡಲು ಬರುವವನಿದ್ದ. ಮೆಚ್ಚಿದರೆ ಮಗ್ಗ ಉಳಿಯುತ್ತದೆ, ಇಲ್ಲದಿದ್ದರೆ ಅದನ್ನು ಬಿಚ್ಚಿ ಅಟ್ಟಕ್ಕೆ ಹಾಕಿ ಪಕ್ಕದ ಮನೆ ಧರೆಪ್ಪನ ಪವರ್‌ಲೂಮಿಗೆ ಕೂಲಿಗೆ ಹೋಗಬೇಕೆಂದು ಹೆಂಡತಿ ಅನಸವ್ವ ಕಡ್ಡಿ ಮುರಿದಂತೆ ಹೇಳಿದ್ದಳು. ಆ ಪವರ್‌ಲೂಮಿನ ಸದ್ದು ಗೋಡೆಯ ಈಚೆಗೆ ಜೋಗುಳದಂತಿತ್ತು, ಆಚೆ ಹೋಗಿ ನಿಂತರೆ ಕನಸು ಹತ್ತಿರ ಸುಳಿಯುವಂತಿರಲಿಲ್ಲ. ಕಾಶಪ್ಪನಿಗೆ ಅದೇ ಭಯ.

ಆದರೂ ನಾಯಿಯನ್ನು ನೋವಿನಲ್ಲಿ ಬಿಟ್ಟು ಕೂರಲು ಅವನ ಕರುಳು ಒಪ್ಪಲಿಲ್ಲ. ತಾರವ್ವ ಅರಿಶಿನ ಅರೆದು ಎಡಗಾಲಿಗೆ ಮೆತ್ತಿದಳು. ಧರೆಪ್ಪ ಕುಂಟುವುದು ಬಲಗಾಲೆಂದು ವಾದಿಸಿ ಅದಕ್ಕೆ ಪಟ್ಟಿ ಸುತ್ತಿದ. ಅನಸವ್ವ ಇಬ್ಬರದೂ ತಪ್ಪೆಂದು ಹಿಂಗಾಲಿಗೆ ಉಪ್ಪಿನ ಶಾಖ ಕೊಟ್ಟಳು. ಮಧ್ಯಾಹ್ನದ ಹೊತ್ತಿಗೆ ಲಾಳಿ ಮದುವೆ ಮನೆಯ ಹಂದರಗಂಬದಂತೆ ಕಾಣುತ್ತಿತ್ತು.

ಕಡೆಗೆ ಕಾಶಪ್ಪ ಟಂಟಂ ಆಟೋ ಹಿಡಿದು ಅದನ್ನು ಜಮಖಂಡಿಯ ದನದ ಡಾಕ್ಟರ ಬಳಿಗೆ ಒಯ್ದ. ಅವರು ಪಟ್ಟಿ ಬಿಚ್ಚಿಸಿ ಬೇವಿನ ನೆರಳಿನಲ್ಲಿ ನಡೆಸಿದರು. ಆ ಸದ್ದಿಲ್ಲದ ಅಂಗಳದಲ್ಲಿ ಲಾಳಿ ನೀರಿನ ಮೇಲೆ ಎಲೆ ತೇಲಿದಂತೆ ಎರಡು ಸುತ್ತು ನೆಟ್ಟಗೆ ನಡೆಯಿತು.

"ಕಾಲಿಗೇನೂ ಆಗಿಲ್ರಿ," ಎಂದರು ಡಾಕ್ಟರು. "ನಿಮ್ಮ ಮನ್ಯಾಗ ಮತ್ಯಾರರ ಕುಂಟತಾರೇನು?"

ಕಾಶಪ್ಪ ನಾಚಿಕೊಂಡು ಮರಳಿದ. ಓಣಿ ಹೊಕ್ಕಿದ್ದೇ ತಡ, ಲಾಳಿ ಮತ್ತೆ ಕುಂಟತೊಡಗಿತು. ಅಷ್ಟರಲ್ಲಿ ಕರೆಂಟು ಹೋಗಿ ಧರೆಪ್ಪನ ಪವರ್‌ಲೂಮು ನಿಂತಿತು. ನಾಯಿ ನೆಟ್ಟಗಾಯಿತು. ಕರೆಂಟು ಬಂತು. ಮೂರು ಹೊಡೆತ ಸರಿಯಾಗಿ ಬಿದ್ದು ನಾಲ್ಕನೆಯದು ತಡವರಿಸಿತು, ನಾಯಿಯ ನಾಲ್ಕನೇ ಹೆಜ್ಜೆಯೂ ತಡವರಿಸಿತು.

"ಧರೆಪ್ಪಣ್ಣ, ಕುಂಟಾಕತ್ತಿದ್ದು ನಾಯಿ ಅಲ್ಲೋ, ನಿನ್ನ ಮಗ್ಗ," ಎಂದು ಕಾಶಪ್ಪ ಕೂಗಿದ.

ಎಂಟು ದಿನದಿಂದ ಒಂದು ನಟ್ಟು ಸಡಿಲಾಗಿದ್ದದ್ದು ಧರೆಪ್ಪನಿಗೆ ಗೊತ್ತಿತ್ತು, ಸೋಮಾರಿತನದಿಂದ ಬಿಟ್ಟಿದ್ದ. ಈಗ ಓಣಿಯ ಮರ್ಯಾದೆಗೆ ಅಂಜಿ ಬಿಗಿದ. ಲಾಳಿ ನೆಟ್ಟಗೆ ಓಡಾಡಿತು. ಕಾಶಪ್ಪನಿಗೆ ಕಣ್ಣು ತುಂಬಿ ಬಂತು. ಅದೇ ಖುಷಿಯಲ್ಲಿ ಉಳಿದ ಮೊಳವನ್ನೂ ನೇಯ್ದು ಮುಗಿಸಿದ.

ಪರಮಾನಂದ ಬಂದು ಸೀರೆಯನ್ನು ಬೆಳಕಿಗೆ ಹಿಡಿದು ಬೆರಳಾಡಿಸಿದ. "ಇದರಾಗ ಹೊಳಿ ಹರದಂಗ ಐತಲ್ಲೋ ಕಾಶಪ್ಪ. ಈ ತೆರಿ ಹೆಂಗ ಎಬ್ಬಿಸಿದಿ?"

ಕಾಶಪ್ಪನೂ ಆಗಲೇ ನೋಡಿದ್ದು. ಮೂರೆಳೆ ಬಿಗಿ, ನಾಲ್ಕನೆಯದು ಸಡಿಲ. ಬಟ್ಟೆಯ ತುಂಬ ತೆಳ್ಳಗೆ ತೆರೆಗಳು ಎದ್ದಿದ್ದವು. ಗೋಡೆಯಾಚೆಯ ಕುಂಟು ತಾಳಕ್ಕೆ ಎಂಟು ದಿನ ನಾಯಿಯೊಂದೇ ಕುಂಟಿರಲಿಲ್ಲ, ಅವನ ಕೈಯೂ ಕುಂಟಿತ್ತು.

ಪರಮಾನಂದನ ಬೆರಳು ಕೊನೆಯ ಮೊಳಕ್ಕೆ ಬಂದು ನಿಂತಿತು. "ಇಲ್ಲಿ ಹೊಳಿ ಬತ್ತೇತಿ. ಇಂಥಾ ಸಪಾಟ ಬಟ್ಟಿ ಪವರ್‌ಲೂಮಿನ್ಯಾಗ ರಾಶಿ ಸಿಗತೈತಿ. ಪೂರಾ ತೆರಿ ಇರೂವಂಥಾದ್ದು ನೇಯ್ದು ತೋರ್ಸು, ಆಮ್ಯಾಲೆ ನೋಡೂಣು."

ಅವನು ಸೀರೆಯನ್ನು ಅಲ್ಲೇ ಬಿಟ್ಟು ಹೋದ. ಅನಸವ್ವ ಅಟ್ಟದ ಕಡೆ ನೋಡಿದಳು. ಕಾಶಪ್ಪ ಓಡಿ ಹೋಗಿ ನಟ್ಟು ಸಡಿಲಿಸೆಂದು ಧರೆಪ್ಪನನ್ನು ಬೇಡಿಕೊಂಡ. ಈಗ ತನ್ನ ಬಟ್ಟೆ ಕನ್ನಡಿಯ ಹಾಗೆ ಬರುತ್ತಿದೆ, ಮುಟ್ಟಗೊಡುವುದಿಲ್ಲ ಎಂದ ಧರೆಪ್ಪ.

ಹೊತ್ತು ಮುಳುಗುವಾಗ ಕಾಶಪ್ಪ ಓಣಿಯಲ್ಲಿ ಮೂರು ಹೆಜ್ಜೆ ಸರಿಯಾಗಿ ಇಟ್ಟು ನಾಲ್ಕನೆಯದಕ್ಕೆ ಕುಂಟುತ್ತ ಆ ತಾಳವನ್ನು ಕಾಲಿಗೆ ಕಲಿಸುತ್ತಿದ್ದ. ಅವನ ಹಿಂದೆ ಲಾಳಿ ನೆಟ್ಟಗೆ ನಡೆದು ಬರುತ್ತಿತ್ತು. ಕಟ್ಟೆಯ ಮೇಲಿಂದ ಇದನ್ನು ನೋಡಿದ ತಾರವ್ವ, ಯಾವ ಕಾಲೆಂದೂ ಕೇಳದೆ, ಅರಿಶಿನ ಅರೆಯಲು ಒಳಗೆ ಹೋದಳು.