ಅಳುಮುಂಜಿಯ ಸೀನು

ಸೀನು ಬರುವುದು ತಪ್ಪಲ್ಲ. ಆದರೆ ಪ್ರಯೋಗಾಲಯದಲ್ಲಿ ಮಾಸ್ಕನ್ನು ಗದ್ದಕ್ಕೆ ಇಳಿಸಿಕೊಂಡು, ಮುಚ್ಚಳ ತೆಗೆದ ಗಾಜಿನ ತಟ್ಟೆಯ ಮೇಲೆಯೇ ಸೀನುವುದು ಮಹಾಪರಾಧ. ನಿನ್ನೆ ಆ ಅಪರಾಧ ಮಾಡಿದ ಸಹಾಯಕನನ್ನು ಆಫೀಸಿನವರೆಲ್ಲ ಕರೆಯುತ್ತಿದ್ದುದು ಅಳುಮುಂಜಿ ಎಂದು. ಅಳುವುದಕ್ಕೆ ಪಾಪ ಅವನಿಗೆ ಕಾರಣವೂ ಇತ್ತು. ಅವನ ಮೂರು ವರ್ಷದ ಗುತ್ತಿಗೆ ಇವತ್ತು ಸಂಜೆ ಐದಕ್ಕೆ ಮುಗಿಯುತ್ತಿತ್ತು. ಅಷ್ಟರೊಳಗೆ ಏನಾದರೂ ಕಂಡುಹಿಡಿದು ತೋರಿಸದಿದ್ದರೆ ಮನೆಯ ದಾರಿಯೇ ಗತಿ.

ಸೂಕ್ಷ್ಮಜೀವಿಗಳೂ ನಮ್ಮ ಹಾಗೆಯೇ ಅನ್ನಕ್ಕೂ ಜಾಗಕ್ಕೂ ಕಿತ್ತಾಡುತ್ತವೆ. ಕೆಲವು ಪಕ್ಕದವರನ್ನು ಕೊಲ್ಲಲು ವಿಷ ಕಾರುತ್ತವೆ. ಆ ವಿಷವೇ ನಮಗೆ ಔಷಧಿ. ಅಂಥ ಒಬ್ಬ ಕೊಲೆಗಡುಕನನ್ನು ಹುಡುಕುವುದು ಅಳುಮುಂಜಿಯ ಕೆಲಸ. ಊರ ಚರಂಡಿ, ತಿಪ್ಪೆಗಳ ಮಣ್ಣನ್ನೆಲ್ಲ ತಂದು ರೋಗಾಣುಗಳ ತಟ್ಟೆಗೆ ಹಾಕಿದ್ದಾಯಿತು. ಒಂದೂ ಇನ್ನೊಂದರ ಕೂದಲು ಕೊಂಕಿಸಲಿಲ್ಲ.

"ತಿಪ್ಪೇಲಿರೋ ಒಗ್ಗಟ್ಟು ನಮ್ಮ ಆಫೀಸಲ್ಲಿಲ್ಲ ಕಣೇ," ಎಂದು ಹೆಂಡತಿಯ ಬಳಿ ಗೋಳಾಡುತ್ತಿದ್ದ.

ಬೆಳಿಗ್ಗೆ, ಸೀನಿದ ತಟ್ಟೆಯನ್ನು ಗುಟ್ಟಾಗಿ ಎಸೆಯಲೆಂದು ತೆಗೆದವನು ನಿಂತಲ್ಲೇ ನಿಂತ. ಹಾಲಿನ ಕೆನೆಯಂತೆ ಹಬ್ಬಿದ್ದ ರೋಗಾಣುಗಳ ನಡುವೆ ಒಂದು ಹಳದಿ ಚುಕ್ಕೆ. ಅದರ ಸುತ್ತ ಕಾಸಿನಗಲ ಎಲ್ಲವೂ ಸತ್ತು ಬಯಲಾಗಿತ್ತು. ಆ ತಟ್ಟೆಗೆ ಅವನಿನ್ನೂ ಮಣ್ಣೇ ಹಾಕಿರಲಿಲ್ಲ; ಬಿದ್ದದ್ದು ಸೀನೊಂದೇ.

ಕುಣಿದಾಡಬೇಕಾದ ಹೊತ್ತು. ಆದರೆ ಚುಕ್ಕೆ ಬಂದದ್ದೆಲ್ಲಿಂದ ಎಂದು ಹೇಳಿದರೆ ಮಾಸ್ಕಿಲ್ಲದೆ ಸೀನಿದ್ದಕ್ಕೆ ಈಗಲೇ ವಜಾ. ಹೇಳದಿದ್ದರೆ ಸಂಜೆಗೆ ಗುತ್ತಿಗೆ ಖಲಾಸ್. ಅತ್ತ ದರಿ, ಇತ್ತ ಪುಲಿ. ಏನೂ ತೋಚದೆ ತಟ್ಟೆಯನ್ನು ಕೋಟಿನೊಳಗೆ ಸೇರಿಸಿದ.

"ಏನಪ್ಪಾ ಅದು, ಬಗಲಲ್ಲಿ?"

ಕೇಳಿದವರು ಹಿರಿಯ ಸಹೋದ್ಯೋಗಿ. ಬೇರೆಯವರ ತಪ್ಪೆಲ್ಲ ಆಕೆಗೆ ಹತ್ತುಪಟ್ಟು ದೊಡ್ಡದಾಗಿ ಕಾಣುತ್ತಿದ್ದುದರಿಂದ ಭೂತಗನ್ನಡಿ ಎಂದು ಹೆಸರಾಗಿದ್ದರು.

"ತಿಂಡಿ ಡಬ್ಬಿ, ಅಕ್ಕಾ."

"ಇಷ್ಟು ತೆಳ್ಳಗಿರೋ ಡಬ್ಬೀಲಿ ಯಾವ ತಿಂಡಿ ಹಿಡಿಸುತ್ತೋ!" ಎಂದು ಕಿತ್ತುಕೊಂಡ ಆಕೆ ಮರುಕ್ಷಣ ಕಿರುಚಿದರು: "ಕೊಂದುಬಿಟ್ಟಿದೆ ಕಣ್ರೋ! ಬನ್ನಿ ಎಲ್ಲಾ!"

ಎಲ್ಲರೂ ಬಂದರು. "ಇದು ನಮ್ಮ ಹಿತ್ತಿಲ ಮಣ್ಣಿಂದ ಬಂದದ್ದು. ವರದೀಲಿ ನನ್ನ ಹೆಸರೂ ಇರ್ಲಿ," ಎಂದ ಸ್ಟೋರಿನವನು.

"ತಟ್ಟೆ ಹಾಕೋದು ಹೇಳ್ಕೊಟ್ಟವಳು ನಾನು!" ಎಂದರು ಭೂತಗನ್ನಡಿ.

"ಮಣ್ಣು ಹೊತ್ತು ತಂದ ಗಾಡಿ ಓಡಿಸಿದ್ದು ಯಾರು ಮತ್ತೆ?" ಎಂದ ಡ್ರೈವರ್.

ಊಟದ ಹೊತ್ತಿಗೆ ಒಂದು ಚುಕ್ಕೆಗೆ ಮೂವರು ಅಪ್ಪ-ಅಮ್ಮಂದಿರು ಹುಟ್ಟಿಕೊಂಡಿದ್ದರು. ಸ್ಟೋರಿನವನಂತೂ ಮನೆಗೆ ಓಡಿ ನಾಲ್ಕು ಚೀಲ ಹಿತ್ತಿಲ ಮಣ್ಣು ತಂದು ಅಳುಮುಂಜಿಯ ಮೇಜಿನ ಮೇಲೇ ಪೇರಿಸಿದ. "ಅದಲ್ಲಣ್ಣಾ..." ಎಂದು ಇವನು ಶುರುಮಾಡಿದ ಮಾತನ್ನು ಯಾರೂ ಕೇಳಿಸಿಕೊಳ್ಳಲಿಲ್ಲ.

ನಾಲ್ಕೂವರೆಗೆ ನಿರ್ದೇಶಕರು ಬಂದರು. ಗಲಾಟೆ ಕೇಳಿ ಕೇಳಿ ರೇಗಿದರು. "ಒಬ್ಬೊಬ್ಬರು ಒಂದೊಂದು ಕಥೆ ಹೇಳ್ತೀರಿ. ಮೂಲವೇ ಗೊತ್ತಿಲ್ದಿರೋದು ನಂಗೆ ಬೇಡ. ಎಸೀರಿ ಅದನ್ನ!"

ತಟ್ಟೆ ಕಸದ ಬುಟ್ಟಿಯ ಕಡೆ ಹೊರಟಾಗ ಅಳುಮುಂಜಿ ಅಡ್ಡ ನಿಂತ. ಮೂರು ವರ್ಷಕ್ಕೆ ಫಲಿಸಿದ್ದು ಅದೊಂದೇ.

"ಸಾರ್, ಅದು ಮಣ್ಣಿಂದ ಬಂದಿದ್ದಲ್ಲ. ನನ್ನ ಮೂಗಿಂದ. ನಿನ್ನೆ ಮಾಸ್ಕಿಲ್ದೆ ಸೀನಿಬಿಟ್ಟೆ."

ಅಷ್ಟು ಜನವೂ ಎರಡೆರಡು ಹೆಜ್ಜೆ ಹಿಂದೆ ಸರಿದರು. ನಿರ್ದೇಶಕರು ಮಾತ್ರ ಮುಂದೆ ಬಂದು, ಅವನ ಮೂಗಿಗೆ ಹತ್ತಿಕಡ್ಡಿ ಆಡಿಸಿ, ಅದನ್ನೂ ಹಳದಿ ಚುಕ್ಕೆಯನ್ನೂ ಸೂಕ್ಷ್ಮದರ್ಶಕದಲ್ಲಿ ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು.

"ಭಲೇ! ಅದೇ ಇದ್ದ ಹಾಗಿದೆ. ನಾಳೆ ಖಚಿತ ಮಾಡ್ಕೊಳ್ಳೋಣ. ಸೀನಿದ್ದು ಮಾಫಿ. ಯೋಜನೆ ಇನ್ನು ಐದು ವರ್ಷ!"

ಅಳುಮುಂಜಿ ಮೂರು ವರ್ಷದಲ್ಲಿ ಮೊದಲ ಸಲ ನಕ್ಕ.

"ಆದ್ರೆ ನಿಯಮ ಗೊತ್ತಲ್ಲ? ಯಾರ ಮೈಯಿಂದ ಮಾದರಿ ತಗೋತೀವೋ ಅವರು ಅದೇ ಯೋಜನೇಲಿ ಕೆಲಸ ಮಾಡೋ ಹಾಗಿಲ್ಲ. ಇನ್ನು ಇವ್ರು ನೋಡ್ಕೋತಾರೆ," ಎಂದು ಭೂತಗನ್ನಡಿಯವರತ್ತ ಕೈ ತೋರಿಸಿದರು.

"ಮತ್ತೆ... ನಾನು?"

"ಪ್ರತಿ ಸೋಮವಾರ ಬಂದು ಮೂಗು ತೋರಿಸಿ ಹೋಗಿ. ಮಾತ್ರೆ ಗೀತ್ರೆ ನುಂಗ್ಬೇಡಿ, ಚುಕ್ಕೆ ಸತ್ತುಹೋದೀತು."

ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ. ಭೂತಗನ್ನಡಿಯವರು ಆಗಲೇ ತಟ್ಟೆಯ ಮೇಲಿದ್ದ ಅವನ ಹೆಸರು ಒರೆಸಿ 'ಮೂಗು–೧' ಎಂದು ಬರೆಯುತ್ತಿದ್ದರು.

ಐದು ಗಂಟೆಗೆ ಗೇಟು ದಾಟುವಷ್ಟರಲ್ಲಿ ಹೆಂಡತಿಯ ಫೋನು ಬಂತು. "ಏನೂಂದ್ರೆ, ಐದು ವರ್ಷಕ್ಕೆ ಆಯ್ತಂತೆ? ಸ್ಟೋರಿನವ್ರ ಮನೆಯವ್ರು ಹೇಳಿದ್ರು! ನಿಜಾನಾ?"

"ನಿಜ ಕಣೇ," ಎಂದ ಅಳುಮುಂಜಿ. "ಮೂಗಿಗೆ ಐದು ವರ್ಷ ಆಯ್ತು. ನಂಗೆ ಇವತ್ತಿಗೆ ಮುಗೀತು."