ಇಂಗ್ಲಿಷಿಗೆ ಬೈದ ಪಂಡಿತರು

ಪಂಡಿತರನ್ನು ಆ ದಿನ ಸಿಕ್ಕಿಹಾಕಿಸಿದ್ದು ಒಂದು ಹುಳ. ಕುರ್ಚಿ ಮೇಜು ಮಾರುವ ಕಂಪನಿಯ ಶಾಖೆಯಲ್ಲಿ ಅವರು ಹಳೇ ಕಡತಗಳ ಗುಮಾಸ್ತರು. ಬೆಳಿಗ್ಗೆ ಕಡತವೊಂದನ್ನು ಬಿಚ್ಚಿದಾಗ ಹೊರಬಿದ್ದ ಹುಳವನ್ನು ರಟ್ಟಿನ ಮೇಲೆ ಹಿಡಿದು ಎಲ್ಲರಿಗೂ ತೋರಿಸಿದರು.

“ನೋಡ್ರಪ್ಪಾ, ಇದು ಸಿಲ್ವರ್ ಫಿಶ್ ಅಂತೆ! ಬೆಳ್ಳಿ ಅಂತ ಅಡ ಇಡೋಕಾಗಲ್ಲ, ಮೀನು ಅಂತ ಹುರಿಯೋಕಾಗಲ್ಲ. ರೆಸ್ಟ್ ರೂಮಂತೆ, ಅಲ್ಲಿ ಯಾರಾದ್ರೂ ಕಾಲು ಚಾಚಿ ಮಲಗಿದ್ದು ಕಂಡಿದೀರಾ? ಲಿವಿಂಗ್ ರೂಮಂತೆ, ಹಾಗಾದ್ರೆ ಮಿಕ್ಕ ರೂಮಲ್ಲೆಲ್ಲ ಸತ್ತಿರ್ತಾರಾ? ಮೋಸದ ಭಾಷೆ ಕಣ್ರೀ ಇದು!”

ಆಫೀಸು ಬಿದ್ದು ಬಿದ್ದು ನಕ್ಕಿತು. ಇಂಗ್ಲಿಷನ್ನು ಇಷ್ಟು ಬೈಯಬೇಕಾದರೆ ಎಷ್ಟು ಓದಿಕೊಂಡಿರಬೇಕು ಎಂಬುದು ಅಲ್ಲಿನವರ ಲೆಕ್ಕ. ಪಂಡಿತರೆಂಬ ಹೆಸರು ಬಂದದ್ದೇ ಹಾಗೆ. ನಿಜವೆಂದರೆ ಆ ಪದಗಳೆಲ್ಲ ಹೆಂಡತಿಯ ಸರಕು. ಅಂಗಿ ಇಸ್ತ್ರಿ ಮಾಡುತ್ತ ಅವಳು ಹೇಳಿಕೊಟ್ಟದ್ದನ್ನು ಇವರು ದಾರಿಯುದ್ದಕ್ಕೂ ಉರು ಹೊಡೆದು ಬರುತ್ತಿದ್ದರು. ಇಂಗ್ಲಿಷಿನಲ್ಲಿ ದಾರಿ ಕೇಳಲೂ ಅವರಿಗೆ ಬಾರದು.

ಅಷ್ಟರಲ್ಲಿ ಮ್ಯಾನೇಜರು ಬಂದರು. “ಹೆಡ್ ಆಫೀಸಿಂದ ಪರೀಕ್ಷಕರು ಬಂದಿದಾರೆ. ಒಬ್ಬೊಬ್ಬರನ್ನೇ ಕರೆದು ಇಂಗ್ಲಿಷಲ್ಲಿ ಮಾತಾಡಿಸ್ತಾರೆ. ಬರದೇ ಇದ್ದೋರಿಗೆ ನಾಳೆಯಿಂದ ಗೋದಾಮಲ್ಲಿ ಕುರ್ಚಿ ಹೊರೋ ಕೆಲಸ. ಪಂಡಿತರೇ, ಮೊದಲು ನೀವು ಹೋಗಿ ನಮ್ಮ ಮಾನ ಉಳಿಸಿ.”

ಪಂಡಿತರು ಒಂದು ಹೆಜ್ಜೆ ಹಿಂದೆ ಸರಿದರು. “ಸರ್, ನನಗ್ಯಾಕೋ ಹೊಟ್ಟೆ ಸರಿಯಿಲ್ಲ...”

“ಹೊಟ್ಟೆಗೂ ಇಂಗ್ಲಿಷಿಗೂ ಏನ್ರೀ ಸಂಬಂಧ?” ಎಂದ ಕ್ಯಾಷಿಯರು ತಮ್ಮ ಟೈ ಬಿಚ್ಚಿ ಇವರ ಕೊರಳಿಗೆ ಬಿಗಿದರು.

“ಪಾಪ, ಆ ಪರೀಕ್ಷಕರನ್ನ ಜಾಸ್ತಿ ಗೋಳು ಹುಯ್ಕೋಬೇಡಿ, ಪಂಡಿತಣ್ಣ” ಎಂದು ಟೈಪಿಸ್ಟಮ್ಮ ಕೇಳಿಕೊಂಡರು. ಸಂತೆಗೆ ಹೊರಟ ಹೋತದಂತೆ ಸಿಂಗಾರಗೊಂಡ ಪಂಡಿತರನ್ನು ಎಲ್ಲರೂ ಸೇರಿ ಪರೀಕ್ಷಕರಿದ್ದ ಕೋಣೆಯೊಳಕ್ಕೆ ನೂಕಿ ಬಾಗಿಲು ಹಾಕಿದರು.

“ಗುಡ್ ಮಾರ್ನಿಂಗ್” ಎಂದರು ಕೋಟು ತೊಟ್ಟ ಪರೀಕ್ಷಕರು.

“ಗುಡ್ ಮಾರ್ನಿಂಗ್” ಎಂದರು ಪಂಡಿತರು. ಅವರ ಬಂಡವಾಳ ಅಲ್ಲಿಗೆ ಮುಗಿಯಿತು.

ಪರೀಕ್ಷಕರು ಗಂಟಲು ಸರಿಮಾಡಿಕೊಂಡರು, ಕಿಟಕಿ ನೋಡಿದರು, ಮತ್ತೆ ಗಂಟಲು ಸರಿಮಾಡಿಕೊಂಡರು. ಪಂಡಿತರ ಕಿವಿ ನಾಚಿಕೆಯಿಂದ ಕಾದ ಬಾಣಲೆಯಾಗಿತ್ತು. ಇನ್ನು ತಡೆಯಲಾಗಲಿಲ್ಲ.

“ತಪ್ಪಾಯ್ತು, ಸ್ವಾಮಿ. ನನಗೆ ಇಂಗ್ಲಿಷ್ ಬರಲ್ಲ. ಅದನ್ನ ಬೈಯೋಕೆ ಮಾತ್ರ ಬರುತ್ತೆ.”

ಪರೀಕ್ಷಕರು ಬಾಗಿಲ ಕಡೆ ನೋಡಿ ಮುಂದಕ್ಕೆ ಬಾಗಿದರು. “ಮೆತ್ತಗೆ ಮಾತಾಡ್ರೀ! ನಾನೂ ಬೈದೇ ಈ ಕುರ್ಚಿಗೆ ಬಂದೋನು. ಲೇಡಿ ಬರ್ಡ್ ಅಂತಾರಲ್ಲ ಆ ಹುಳಕ್ಕೆ, ಹಾಗಾದ್ರೆ ಅದರ ಗಂಡನ್ನ ಏನಂತ ಕರೀಬೇಕು ಅಂತ ಒಂದಿನ ಕೇಳಿಬಿಟ್ಟೆ. ಭಾರೀ ವಿದ್ವಾಂಸ ಅಂತ ಪರೀಕ್ಷಕನ್ನ ಮಾಡಿದ್ರು. ಊರೂರು ತಿರುಗಿ ಬೆವರ್ತಾ ಇದೀನಿ.”

“ಮತ್ತೆ ಪರೀಕ್ಷೆ?”

“ಯಾರು ಏನಂದ್ರೂ ಪಾಸು.”

ಪಂಡಿತರಿಗೆ ಹೋದ ಜೀವ ಬಂತು. “ಹಾಗಾದ್ರೆ ನಾನೂ ಪಾಸಾ?”

“ಪಾಸಾ ಅಂತ ಕೇಳ್ತೀರಲ್ಲ! ನಿಮ್ಮಂಥೋರನ್ನೇ ನಾನು ಹುಡುಕ್ತಿದ್ದದ್ದು.” ಪರೀಕ್ಷಕರ ಕಣ್ಣಲ್ಲಿ ನೀರಾಡಿತು. ಎದ್ದು ಹೋಗಿ ಬಾಗಿಲು ತೆರೆದು ಘೋಷಿಸಿದರು: “ನನ್ನ ಜಾಗಕ್ಕೆ ಇವರೇ ತಕ್ಕವರು. ಹೆಡ್ ಆಫೀಸಿಗೆ ನಾನೇ ಹೇಳ್ತೀನಿ. ಉಳಿದವರ ಪರೀಕ್ಷೆ ಈಗಿಂದಲೇ ಇವರು ಮಾಡಲಿ.”

ಚಪ್ಪಾಳೆ ಸಿಡಿಯಿತು. ಪಂಡಿತರಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

“ದಯವಿಟ್ಟು ಕೇಳಿ! ನಾನು ನಿಮಗೆಲ್ಲ ಮೋಸ ಮಾಡಿದೆ. ನನಗೆ ಇಂಗ್ಲಿಷಿನ ಗಂಧಗಾಳಿ ಇಲ್ಲ!”

ಕ್ಯಾಷಿಯರು ಕಣ್ಣೊರೆಸಿಕೊಂಡರು. “ನೋಡಿ ಕಲೀರಿ” ಎಂದರು ಮ್ಯಾನೇಜರು ಎಲ್ಲರತ್ತ ತಿರುಗಿ, “ತುಂಬಿದ ಕೊಡ ತುಳುಕೋದಿಲ್ಲ ಅಂದ್ರೆ ಇದೇ.”

ಪರೀಕ್ಷಕರು ಆಗಲೇ ಬ್ಯಾಗು ಹಿಡಿದು ಮೆಟ್ಟಿಲಿಳಿಯುತ್ತಿದ್ದರು. ಆಫೀಸಿನವರು ಪಂಡಿತರನ್ನು ಎತ್ತಿಕೊಂಡೇ ಹೋಗಿ ಪರೀಕ್ಷಕರ ಕುರ್ಚಿಯಲ್ಲಿ ಕೂರಿಸಿದರು. ಮೊದಲು ಬಂದ ಟೈಪಿಸ್ಟಮ್ಮ ಎದುರು ಕೂತು, ನಲ್ಲಿ ತಿರುಗಿಸಿದ ಹಾಗೆ ಇಂಗ್ಲಿಷ್ ಸುರಿಸಿದರು. ಆಮೇಲೆ ತಲೆ ತಗ್ಗಿಸಿ ಮೆಲ್ಲಗೆ ಹೇಳಿದರು:

“ತಪ್ಪೆಲ್ಲ ತಿದ್ದಿ, ಪಂಡಿತಣ್ಣ. ನಿಮ್ಮ ಮುಂದೆ ಮಾತಾಡೋಕೆ ನಾಚಿಕೆ ಆಗುತ್ತೆ.”